ಬೈಗುಳ ಬಿದ್ದಾಗ ಗಂಗಲಕ್ಷ್ಮಮ್ಮ ಯಾವ ಧರ್ಮದಲ್ಲಿದ್ದರು?

೧

ಎಲ್ಲಿಂದ ಶುರು ಮಾಡಲಿ? ಬೈಗುಳದಿಂದ ಶುರು ಮಾಡಿದರೆ ನೀವು ‘ಅಯ್ಯೋ ಪಾಪ’ ಎಂದು ಪುಟ ತಿರುಗಿಸುತ್ತೀರಿ. ಕಾನೂನಿನಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಅದಕ್ಕೇ ಬಾಡಿಗೆ ಮನೆಯಿಂದ ಶುರು ಮಾಡುತ್ತೇನೆ. ಬೆಂಗಳೂರಿನಲ್ಲಿ ಮನೆ ಹುಡುಕದವರು ಯಾರಿದ್ದಾರೆ? (ಇದ್ದಾರೆ. ಅವರನ್ನು ಓನರ್ ಎನ್ನುತ್ತಾರೆ.)

ಶ್ರೀಗಂಧದ ಕಾವಲಿನಲ್ಲಿ ಮುನಿಲಕ್ಷ್ಮಮ್ಮನವರದು ಮೂರಂತಸ್ತಿನ ಮನೆ. ಅವರ ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆದಾರರು ಬೆಳೆಯುತ್ತಾರೆ. ಬಂದವರ ಜಾತಿಯನ್ನು ಆಕೆ ಕೇಳುವುದಿಲ್ಲ. ಛೆ ಛೆ, ಅಷ್ಟೆಲ್ಲ ಸಂಸ್ಕಾರವಿಲ್ಲದವರಲ್ಲ. ‘ನಿಮ್ಮ ಮನೆದೇವ್ರು ಯಾವ್ದು?’ ಎಂದಷ್ಟೇ ಕೇಳುತ್ತಾರೆ. ದೇವರ ಹೆಸರು ಸಿಕ್ಕರೆ ಮಿಕ್ಕಿದ್ದನ್ನು ಅವರೇ ತಿಳಿದುಕೊಳ್ಳುತ್ತಾರೆ.

ವಿಜಯನಗರದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಚೇತನಾ ತನ್ನ ತಾಯಿ ಗಂಗಲಕ್ಷ್ಮಮ್ಮನನ್ನು ಕರೆದುಕೊಂಡು ಮನೆ ನೋಡಲು ಬಂದಾಗಲೂ ಅದೇ ಪ್ರಶ್ನೆ. ‘ನಾವು ಯೇಸಪ್ಪನ್ನ ನಂಬಿದೀವಮ್ಮ’ ಎಂದರು ಗಂಗಲಕ್ಷ್ಮಮ್ಮ. ಓನರಮ್ಮ ತಬ್ಬಿಬ್ಬಾದರು. ಅವರ ಲೆಕ್ಕದಲ್ಲಿ ಆ ದೇವರ ಎದುರಿಗೆ ಯಾವ ಜಾತಿಯೂ ಇರಲಿಲ್ಲ. ಕ್ರಿಶ್ಚಿಯನ್ನರು ನೀಟಾಗಿರುತ್ತಾರೆ ಎಂದುಕೊಂಡು ಕೀ ಕೊಟ್ಟರು.

೨

ಬೇಸಿಗೆಯಲ್ಲಿ ಬೀದಿಯವರು ಪೆಂಡಾಲ್ ಹಾಕಿ ಅಣ್ಣಮ್ಮ ದೇವಿಯನ್ನು ಕೂರಿಸಿದರು. ತಮಟೆ ಬಡಿಯಲು ಬಂದವರಲ್ಲಿ ಗಂಗಲಕ್ಷ್ಮಮ್ಮನ ಒಡಹುಟ್ಟಿದ ತಮ್ಮ ಕಿಟ್ಟಿ ಇದ್ದ. ತಮ್ಮನನ್ನು ಕಂಡರೆ ಅಕ್ಕ ಏನು ಮಾಡುತ್ತಾಳೆ? ಮೇಲಕ್ಕೆ ಕರೆದು ಕಾಫಿ ಕೊಟ್ಟರು. ಅವನು ತಮಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋಗಿದ್ದ. ಮುನಿಲಕ್ಷ್ಮಮ್ಮ ಅದನ್ನು ನೋಡಿದರು, ಒಳಗಿನಿಂದ ‘ಅಕ್ಕಾ’ ಎಂಬ ಮಾತನ್ನೂ ಕೇಳಿಸಿಕೊಂಡರು.

ಮಾರನೆಯ ದಿನ ಇಡೀ ಬೀದಿಯ ಮುಂದೆ ಗಂಗಲಕ್ಷ್ಮಮ್ಮನನ್ನು ಜಾತಿ ಹಿಡಿದು ಬೈದರು. ಸಾಮಾನು ಹೊರಗೆ ಹಾಕಿಸಿದರು. ಮೆಟ್ಟಿಲಿಗೆ ಗಂಜಲ ಹಾಕಿ ತೊಳೆಸಿದರು.

(ಯಾವ ಪದ ಬಳಸಿ ಬೈದರು ಎಂದು ನಾನು ಬರೆಯುವುದಿಲ್ಲ. ನೀವು ಆಗಲೇ ಊಹಿಸುತ್ತಿದ್ದೀರಿ, ಗೊತ್ತು. ಜಾತಿ ಗೊತ್ತಾಗದೆ ನಿಮಗೂ ಕತೆ ಮುಂದಕ್ಕೆ ಹೋಗುತ್ತಿಲ್ಲ, ಅಲ್ಲವೇ?)

೩

ಚೇತನಾ ಅಟ್ರಾಸಿಟಿ ಕೇಸು ಹಾಕಿದಳು. ಅವಳಿಗೆ ಮನೆ ವಾಪಸು ಬೇಡ. ಅಮ್ಮನಿಗೆ ಆದದ್ದು ಅಪರಾಧ ಎಂದು ಒಬ್ಬ ಜಡ್ಜ್ ಬಾಯಿಬಿಟ್ಟು ಹೇಳಬೇಕು, ಅಷ್ಟೇ.

ಲಾಯರ್ ಸಿದ್ದಲಿಂಗೇಶ್ ಸಂಕಟದಿಂದಲೇ ವಿವರಿಸಿದರು. ‘ಬೈದಿರೋದು ಜಾತಿ ಹಿಡ್ದೇ. ಅದ್ರಲ್ಲಿ ಡೌಟಿಲ್ಲ. ಆದ್ರೆ ಕಾನೂನಿನ ಕಣ್ಣಲ್ಲಿ ನಿಮ್ಮ ತಾಯಿಗೆ ಆ ಜಾತಿ ಇಲ್ವಲ್ಲಮ್ಮ.’

ಹಿಂದೂ, ಸಿಖ್, ಬೌದ್ಧ, ಈ ಮೂರರ ಒಳಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. ಕ್ರೈಸ್ತ ಧರ್ಮಕ್ಕೆ ಹೋದರೆ ಅದು ಹೋಯಿತು, ಅದರ ಜೊತೆ ಈ ಕಾಯ್ದೆಯ ರಕ್ಷಣೆಯೂ ಹೋಯಿತು. ಪರಿಶಿಷ್ಟ ಪಂಗಡವಾಗಿದ್ದರೆ ಧರ್ಮದ ಷರತ್ತೇ ಇಲ್ಲ. ಒಂದು ಕಡೆ ಹುಟ್ಟು ಸಾಕು, ಇನ್ನೊಂದು ಕಡೆ ಹುಟ್ಟಿನ ಜೊತೆ ದೇವರೂ ಬೇಕು. ಅದೇ ಬೈಗುಳ, ಹಿಂದೂವಾಗಿಯೇ ಉಳಿದಿರುವ ಕಿಟ್ಟಿಗೆ ಬಿದ್ದಿದ್ದರೆ ಕೇಸು ಗಟ್ಟಿಯಾಗಿ ನಿಲ್ಲುತ್ತಿತ್ತಂತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ, ತಮ್ಮ.

ಕ್ರಿಶ್ಚಿಯನ್ ಎಂದು ಮನೆ ಸಿಕ್ಕಿತು. ಜಾತಿಯಿಂದ ಮನೆ ಹೋಯಿತು. ಕ್ರಿಶ್ಚಿಯನ್ ಎಂದು ಕೇಸೂ ಹೋಗುತ್ತದೆ. ಇಷ್ಟು ಅಚ್ಚುಕಟ್ಟಾದ ಪ್ಲಾಟ್ ನಾನು ಜನ್ಮದಲ್ಲಿ ಕಟ್ಟಿಲ್ಲ. ಹೊಟ್ಟೆ ಉರಿಯುತ್ತದೆ, ಅಸೂಯೆಯ ಅರ್ಥದಲ್ಲಿ ಅಲ್ಲ, ಸಂಕಟದ ಅರ್ಥದಲ್ಲಿ.

ಸರಿ, ಕತೆ ನನ್ನದು ತಾನೇ? ತಿದ್ದಿಬಿಟ್ಟೆ. ಬೈಗುಳವನ್ನು ಕಿಟ್ಟಿಗೆ ಬೀಳಿಸಿ ಎರಡು ಪುಟ ಬರೆದೆ. ಚೇತನಾ ಬಂದು ತಡೆದಳು.

‘ಸಾರ್, ಬೈಸ್ಕೊಂಡಿದ್ದು ನಮ್ಮಮ್ಮ. ಕೇಸ್ ನಿಲ್ಲುತ್ತೆ ಅಂತ ನಮ್ಮ ಮಾವಂಗೆ ಬೈಸ್ತೀರಾ?’ ಆಮೇಲೆ ನನ್ನನ್ನೇ ನೋಡುತ್ತಾ, ‘ಹೌದೂ, ನಿಮ್ಮ ಮನೆದೇವ್ರು ಯಾವ್ದು?’ ಎಂದಳು.

ನಾನು ಫೋನ್ ಬಂದವನಂತೆ ಎದ್ದು ಹೋದೆ.

೫

(ನಾಲ್ಕನ್ನು ಹರಿದು ಹಾಕಿದೆ. ಅದರಲ್ಲಿ ಮುನಿಲಕ್ಷ್ಮಮ್ಮ ಪಶ್ಚಾತ್ತಾಪಪಟ್ಟು ಅಳುತ್ತಿದ್ದರು. ಬರೆದ ಕೈಗೇ ನಾಚಿಕೆಯಾಯಿತು.)

ಲಾಯರ್ ಒಂದು ದಾರಿ ಹುಡುಕಿದರು. ದೀಕ್ಷಾಸ್ನಾನ ಆಗಿಲ್ಲ, ನಾನು ಹಿಂದೂನೇ, ನೆಮ್ಮದಿಗೆ ಅಂತ ಭಾನುವಾರ ಕೆಂಗೇರಿಯ ಪ್ರಾರ್ಥನೆಗೆ ಹೋಗಿ ಕೂರುತ್ತೇನೆ, ಎಂದು ಗಂಗಲಕ್ಷ್ಮಮ್ಮ ಕೋರ್ಟಿನಲ್ಲಿ ಹೇಳಿಬಿಟ್ಟರೆ ವಾದ ಮಾಡಬಹುದು. ಆದರೆ ದೀಕ್ಷಾಸ್ನಾನ ನಿಜಕ್ಕೂ ಆಗಿತ್ತು. ಚೇತನಾ ಅಮ್ಮನ ಕಾಲು ಹಿಡಿಯುವುದೊಂದು ಬಾಕಿ. ಒಂದು ಮಾತಮ್ಮ, ನಿನ್ನ ಯೇಸಪ್ಪ ಕ್ಷಮಿಸಲ್ವಾ, ಎಂದು ಅತ್ತಳು.

ಗಂಗಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಾ ಹೇಳಿದರು. ‘ನಂಗೆ ಹುಷಾರಿಲ್ದಾಗ ಅಲ್ಲಿ ಎಲ್ರೂ ನನ್ನ ಹೆಸರು ಹಿಡ್ದು ಪ್ರಾರ್ಥನೆ ಮಾಡಿದ್ರು ಕಣೇ. ಅಲ್ಲೀವರ್ಗೂ ನನ್ನ ಹೆಸರು ಹಿಡ್ದು ಬೈದಿದ್ದೋರೇ ಎಲ್ಲ. ಈಗ ಹೋಗಿ, ಅವ್ರು ಯಾರೋ ನಂಗೊತ್ತಿಲ್ಲ ಅನ್ಲಾ?’

ಅಂತ್ಯ ಅ: ಅವರು ಸುಳ್ಳು ಹೇಳುತ್ತಾರೆ. ಕೇಸು ಗೆಲ್ಲುತ್ತದೆ. ಅಮ್ಮ ಮತ್ತೆ ಪ್ರಾರ್ಥನೆಗೆ ಹೋಗುವುದಿಲ್ಲ, ಮಗಳ ಜೊತೆ ಮಾತೂ ಕಡಿಮೆಯಾಗುತ್ತದೆ.

ಅಂತ್ಯ ಆ: ಅವರು ನಿಜ ಹೇಳುತ್ತಾರೆ. ಕೇಸು ಬೀಳುತ್ತದೆ. ಮುನಿಲಕ್ಷ್ಮಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚುತ್ತಾರೆ.

ಎರಡೂ ನನಗೆ ಬೇಡ. ಅದಕ್ಕೇ ಗಂಗಲಕ್ಷ್ಮಮ್ಮನನ್ನು ಕಟಕಟೆಗೆ ಹತ್ತಿಸಿದೆ. ಎದುರು ಪಕ್ಷದ ಲಾಯರ್ ಕೈಯಲ್ಲಿ, ‘ನೀವು ಯಾವ ಧರ್ಮದೋರಮ್ಮ?’ ಎಂದು ಕೇಳಿಸಿದೆ. ಜಡ್ಜ್ ಪೆನ್ನು ಹಿಡಿದು ಕಾದರು. ಚೇತನಾ ಕಣ್ಣು ಮುಚ್ಚಿಕೊಂಡಳು. ಅಲ್ಲಿಗೆ ಬರೆಯುವುದನ್ನು ನಿಲ್ಲಿಸಿದೆ. ಉತ್ತರ ಓದುಗರಿಗೆ ಬಿಟ್ಟದ್ದು! ಓಪನ್ ಎಂಡಿಂಗ್! ವಿಮರ್ಶಕರು ಮೆಚ್ಚಿ ತಲೆದೂಗುತ್ತಾರೆ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿದೆ.

‘ಏನಪ್ಪಾ, ನಿಲ್ಸ್‌ಬಿಟ್ರಾ?’ ಗಂಗಲಕ್ಷ್ಮಮ್ಮ ಕಟಕಟೆಯಿಂದ ನನ್ನನ್ನೇ ನೋಡುತ್ತಿದ್ದರು.

ಹೌದಮ್ಮ, ಯಾವ ಉತ್ತರ ಬರೆದರೂ ನಿಮಗೆ ಅನ್ಯಾಯವಾಗುತ್ತದೆ, ಅದಕ್ಕೇ ಬರೆಯುವುದಿಲ್ಲ, ಎಂದೆ.

‘ನೀವು ಬರೀದೇ ಎದ್ದು ಹೋಗ್ಬೋದು. ಕೇಳಿರೋದು ನನ್ನನ್ನ ಅಲ್ವಾ?’

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅವರು ಇನ್ನೂ ನಿಂತೇ ಇದ್ದಾರೆ.