ಅರವತ್ತೆರಡನೆಯವನು

“ಇನ್ನೂ ಮುಗಿದಿಲ್ವಂತಾ ಎಣಿಕೆ?” ವೆಂಡೆಲ್ ಬೆಳಗಿನಿಂದ ಆರನೆಯ ಸಲ ಕೇಳಿದ.

“ಮುಗೀತು. ಗವರ್ನರ್ ಗೆದ್ದರಂತೆ, ಕೂದಲೆಳೆ ಅಂತರದಲ್ಲಿ,” ಎಂದು ಆರ್ಡಿಸ್ ಆರನೆಯ ಸಲವೂ ಅಷ್ಟೇ ಮೆತ್ತಗೆ ಹೇಳಿ, ಅವನ ಮುಂದೆ ಓಟ್ಸ್ ಗಂಜಿಯ ಬಟ್ಟಲಿಟ್ಟಳು.

ಟೀವಿಯಲ್ಲಿ ಅಯೋವಾ ರಾಜ್ಯದ ನಕ್ಷೆಗೆ ಎರಡು ಬಣ್ಣ ಬಳಿದಿದ್ದರು. ರಾತ್ರಿಯಿಡೀ ನಿದ್ದೆಗೆಟ್ಟ ವರದಿಗಾರನೊಬ್ಬ, ಮದುವೆ ಮನೆಯಲ್ಲಿ ನಿಂತವನಂತೆ ಉಬ್ಬಿಹೋಗಿ, ಇಡೀ ರಾಜ್ಯದಲ್ಲಿ ನಾಲ್ಕೇ ನಾಲ್ಕು ಪ್ರತಿನಿಧಿಗಳ ವ್ಯತ್ಯಾಸ ಎನ್ನುತ್ತಿದ್ದ. ಹೆಚ್ಚುಕಡಿಮೆ ಸಮಬಲ. ಒಂದು ಊರಿನಲ್ಲಿ ಒಬ್ಬ ಆ ಕಡೆಯಿಂದ ಈ ಕಡೆ ಬಂದಿದ್ದರೂ ಕಥೆ ಬೇರೆಯಾಗುತ್ತಿತ್ತು ಎಂದು ಅವನು ಹೇಳುವ ಹೊತ್ತಿಗೆ ಆರ್ಡಿಸ್ ಟೀವಿ ಆರಿಸಿದಳು. ಆ ಒಬ್ಬ, ಅವಳ ಗಂಡ, ಈ ಅಡುಗೆಮನೆಯಲ್ಲೇ ಕುಳಿತು, ಗಂಜಿಗೆ ಹಾಕಿದ ಒಣದ್ರಾಕ್ಷಿಗಳನ್ನು ಒಂದೊಂದಾಗಿ ಎತ್ತಿ ಬಟ್ಟಲಿನ ಅಂಚಿಗೆ ಜೋಡಿಸುತ್ತಿದ್ದ.

ಬೆಳಗ್ಗೆ ಏಳಕ್ಕೇ ಫೋನು ಶುರುವಾಗಿತ್ತು. ಮೊದಲು ಮಾಡಿದವನು ಕ್ಷೌರದಂಗಡಿಯ ಡಾರೆಲ್, ಗವರ್ನರ್ ಬಣದವನು. “ಮೇಷ್ಟ್ರಿಗೆ ಒಂದು ದೊಡ್ಡ ನಮಸ್ಕಾರ ಹೇಳಿ ಆರ್ಡಿಸ್! ಹೈಸ್ಕೂಲಲ್ಲಿ ನನ್ನ ಫೇಲ್ ಮಾಡಿದ್ರಲ್ಲ, ಅದಕ್ಕೂ ನಿನ್ನೆ ನಮ್ಮ ಕಡೆ ನಿಂತಿದ್ದಕ್ಕೂ ವಜಾ ಆಯ್ತು ಅಂತ ಹೇಳಿ. ಇನ್ಮೇಲೆ ಅವರ ಕ್ಷೌರಕ್ಕೆ ಕಾಸು ಮುಟ್ಟಲ್ಲ!” ಅವನ ಹಿಂದೆ ನಾಲ್ಕೈದು ಜನ ಗಹಗಹಿಸಿದ್ದು ಕೇಳಿಸಿತು. ಆಮೇಲೆ ಬಂದವೆಲ್ಲ ಸೆನೆಟರ್ ಬಣದವರ ಕರೆಗಳು. ಅವರು ಯಾರೂ ನಗಲಿಲ್ಲ.

ಹಿಂದಿನ ಸಂಜೆ ನಡೆದದ್ದು ಇಷ್ಟೇ. ಪಕ್ಷದಿಂದ ದೇಶದ ಅಧ್ಯಕ್ಷಗಿರಿಗೆ ಸೆನೆಟರ್, ಗವರ್ನರ್ ಮೊದಲಾದವರಲ್ಲಿ ಯಾರು ನಿಲ್ಲಬೇಕೆಂದು ಹೇಳುವ ಕಾಕಸ್ ಸಭೆಯಲ್ಲಿ ಮತ ಹಾಕಲು ಈ ಜನಕ್ಕೆ ಚೀಟಿಯೂ ಇಲ್ಲ, ಗುಂಡಿಯೂ ಇಲ್ಲ. ಶಾಲೆಯ ಬ್ಯಾಸ್ಕೆಟ್‌ಬಾಲ್ ಹಾಲಿನಲ್ಲಿ, ನೆರೆಹೊರೆಯವರೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗಲೇ, ತಮ್ಮವರ ಮೂಲೆಗೆ ನಡೆದುಹೋಗಿ ನಿಲ್ಲಬೇಕು. ನಿಂತ ತಲೆಗಳನ್ನು ಎಣಿಸಿ, ಆ ಲೆಕ್ಕಕ್ಕೆ ತಕ್ಕಂತೆ ಮೇಲಿನ ಸಭೆಗೆ ಹೋಗುವ ಪ್ರತಿನಿಧಿಗಳನ್ನು ಹಂಚುತ್ತಾರೆ. ಅದೇ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪೌರನೀತಿ ಕಲಿಸಿದ ವೆಂಡೆಲ್ ಟೋಸ್ಟ್ರುಡ್ ಏಳು ಕಾಕಸ್‌ಗಳಿಗೆ ಅಧ್ಯಕ್ಷನಾಗಿದ್ದವನು. ಈ ಸಲ ಅವನನ್ನು ಯಾರೂ ಅಧ್ಯಕ್ಷನಾಗೆಂದು ಕೇಳಿರಲಿಲ್ಲ. ಕೇಳದಿದ್ದದ್ದಕ್ಕೆ ಆರ್ಡಿಸ್ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಿದ್ದಳು.

ಅವನನ್ನು ಸೆನೆಟರ್ ಮೂಲೆಯಲ್ಲಿ ಒಂದು ಮಡಚುವ ಕುರ್ಚಿಯ ಮೇಲೆ ಕೂರಿಸಿ, ಅವಳು ಬಾಗಿಲ ಬಳಿಯ ಮೇಜಿಗೆ ಹೋದಳು. ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಅವಳದು, ಎಷ್ಟೋ ವರ್ಷದಿಂದ. ಮೊದಲ ಎಣಿಕೆ ಮುಗಿದು, ಪುಡಿ ಗುಂಪುಗಳು ಕರಗಿ ಎರಡು ದೊಡ್ಡ ಗುಂಪುಗಳಿಗೆ ಸೇರಿಕೊಳ್ಳಲು ಹದಿನೈದು ನಿಮಿಷ ಕೊಟ್ಟರು. ಹಾಲಿನಲ್ಲಿ ಸಂತೆಯಂತೆ ಜನ ಅತ್ತಿತ್ತ ನುಗ್ಗಿದರು. ಅವಳು ತಲೆಯೆತ್ತಿ ನೋಡಿದಾಗ ಮಡಚುವ ಕುರ್ಚಿ ಖಾಲಿ. ವೆಂಡೆಲ್ ಎದುರು ಮೂಲೆಯಲ್ಲಿ, ಗವರ್ನರ್ ಬಣದ ನಡುವೆ, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದ.

ಇನ್ನೂ ನಾಲ್ಕು ನಿಮಿಷ ಇತ್ತು. ಹೋಗಿ ಕೈ ಹಿಡಿದು ಕರೆದುಕೊಂಡು ಬರಬಹುದಿತ್ತು. ಆದರೆ ಹಾಗೆ ಕರೆತರುವುದೆಂದರೆ ನೂರಿಪ್ಪತ್ತು ಜನರ ಮುಂದೆ, ಅವನೇ ಪಾಠ ಹೇಳಿಕೊಟ್ಟವರ ಮುಂದೆ, ದಾರಿ ತಪ್ಪಿದ ಮಗುವನ್ನು ನಡೆಸಿದಂತೆ ಹಾಲಿನ ಉದ್ದಕ್ಕೂ ನಡೆಸಬೇಕು. ಅವಳು ಹೋಗಲಿಲ್ಲ. ಲೇಖನಿ ಹಿಡಿದುಕೊಂಡೇ ನಿಂತಳು. ಎಣಿಕೆಯಾಯಿತು. ಸೆನೆಟರಿಗೆ ಅರವತ್ತೊಂದು. ಗವರ್ನರಿಗೆ ಅರವತ್ತೆರಡು. ಊರಿಗೆ ಸಿಗುವ ಏಳು ಪ್ರತಿನಿಧಿಗಳಲ್ಲಿ ನಾಲ್ಕು ಆ ಕಡೆ ಹೋದವು, ಮೂರು ಈ ಕಡೆ ಉಳಿದವು.

ಹತ್ತೂವರೆಗೆ ಲವಾನ್ ಬಂದಳು. ಸೆನೆಟರ್ ಬಣದ ಮುಂದಾಳು, ಒಂದು ಕಾಲಕ್ಕೆ ವೆಂಡೆಲನ ವಿದ್ಯಾರ್ಥಿನಿ, ಇಪ್ಪತ್ತು ವರ್ಷದಿಂದ ಆರ್ಡಿಸಳ ಗೆಳತಿ. ಬೂಟಿನ ಹಿಮ ಕೊಡವದೆ ನೇರ ಅಡುಗೆಮನೆಗೇ ನುಗ್ಗಿ, ಒಂದು ಕಾಗದ ಮೇಜಿನ ಮೇಲಿಟ್ಟಳು.

“ನಾಲ್ಕು ಕಣೆ ಆರ್ಡಿಸ್. ನಾಲ್ಕೇ ನಾಲ್ಕು. ಹೀಗೆ ತಕರಾರಾಗಿರೋ ಊರುಗಳು ಇನ್ನೂ ಮೂರಿವೆಯಂತೆ. ನಮ್ಮದರ ಜೊತೆ ಅವೂ ಸರಿಹೋದ್ರೆ ಆಟವೇ ತಿರುಗುತ್ತೆ. ರಾತ್ರಿಯಿಂದ ಒಂದು ಗುಟುಕು ನೀರು ಗಂಟಲಲ್ಲಿ ಇಳಿದಿಲ್ಲ ನನಗೆ.”

“ಕೂತ್ಕೋ, ಕಾಫಿ ಕೊಡ್ತೀನಿ.”

“ಕಾಫಿ ಬೇಡ. ಜಿಲ್ಲಾ ಸಮಿತಿಯವರು ಮಧ್ಯಾಹ್ನ ಹನ್ನೆರಡರವರೆಗೆ ಆಕ್ಷೇಪಣೆ ತಗೋತಾರೆ. ಮೇಷ್ಟ್ರು ಎಲ್ಲಿ ನಿಂತಿದ್ರು ಅಂತ ಅವರಿಗೇ ಗೊತ್ತಿರಲಿಲ್ಲ ಅಂತ ನೀನು ಬರೆದುಕೊಡಬೇಕು. ಅಷ್ಟೇ. ಎರಡು ಸಾಲು.”

ಆರ್ಡಿಸ್ ಕಾಗದ ಮುಟ್ಟಲಿಲ್ಲ. “ಅವನಿಗೆ ಗೊತ್ತಿತ್ತು. ಮನಸ್ಸು ಬದಲಾಯಿಸಿದ. ಬದಲಾಯಿಸಬಾರದು ಅಂತ ಎಲ್ಲಾದ್ರೂ ಇದೆಯಾ?”

“ನಲವತ್ತು ವರ್ಷ ಆ ಬಣದ ಕಡೆ ಮುಖ ಹಾಕದೆ ಇದ್ದೋರು, ನಿನ್ನೆ ಸಂಜೆ ಏಳೂ ನಲವತ್ತಕ್ಕೆ ಮನಸ್ಸು ಬದಲಾಯಿಸಿದ್ರಾ?”

“ಹೂಂ.”

ಲವಾನ್ ಕುರ್ಚಿ ಎಳೆದುಕೊಂಡು ಕೂತಳು. ದನಿ ತಗ್ಗಿತು. “ಆರ್ಡಿಸ್, ನಮಗೆಲ್ಲ ಗೊತ್ತು ಕಣೆ. ಬೇಸಿಗೆಯಿಂದಲೇ ಗೊತ್ತು. ಅಂಚೆ ಕಚೇರಿ ಮುಂದೆ ಕಾರಿನ ಬೀಗದ ಕೈ ಹಿಡ್ಕೊಂಡು ಅರ್ಧ ಗಂಟೆ ನಿಂತಿದ್ರಲ್ಲ, ಯಾರು ಮನೆಗೆ ತಂದು ಬಿಟ್ಟಿದ್ದು ಅಂದ್ಕೊಂಡಿದ್ದೀಯ? ಅವರೇ ನಡ್ಕೊಂಡು ಬಂದ್ರು ಅಂತಲಾ? ಡಾರೆಲ್ ತಂದು ಬಿಟ್ಟ. ನೀನು ಹೇಳಲಿಲ್ಲ, ನಾವು ಕೇಳಲಿಲ್ಲ.”

ಆರ್ಡಿಸಳ ಮುಖಕ್ಕೆ ರಕ್ತ ನುಗ್ಗಿತು. ಎಂಟು ತಿಂಗಳು ಅವಳು ಮುಚ್ಚಿಟ್ಟು ಕಾದ ಅವನ ಮರೆವನ್ನೆಲ್ಲ ಊರಿಗೆ ಊರೇ ನೋಡಿ, ನೋಡದಂತೆ ನಟಿಸಿತ್ತು. ಅವನ ಕೋಟಿನ ಗುಂಡಿ ಹಾಕಿ ಚರ್ಚಿಗೆ ಕರೆದೊಯ್ದದ್ದು, ಅವನ ಪರವಾಗಿ ತಾನೇ ಉತ್ತರ ಕೊಟ್ಟದ್ದು, ನಕ್ಕದ್ದು, ಎಲ್ಲಕ್ಕೂ ನೋಡುಗರಿದ್ದರು. ಕೃತಜ್ಞತೆ ಹುಟ್ಟಬೇಕಿತ್ತು, ಅವಳಿಗೆ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು.

“ನಿಮಗೆ ಗೊತ್ತಿರೋದು ಬೇರೆ,” ಎಂದಳು. “ನಾನು ಕೈಯಾರೆ ಬರೆಯೋದು ಬೇರೆ. ನಾಳೆ ಅದು ಪೇಪರ್‌ನಲ್ಲಿ ಬರುತ್ತೆ. ಅವನು ಬೆಳಗ್ಗೆ ಎದ್ದ ಕೂಡ್ಲೇ ಓದೋದು ಪೇಪರನ್ನೇ.”

“ಹಾಗಾದ್ರೆ ಜನ ಏನಂತಾರೆ ಗೊತ್ತಾ? ಮೇಷ್ಟ್ರು ಕೊನೆಗಾಲದಲ್ಲಿ ತಮ್ಮವರ ಬೆನ್ನಿಗೆ ಚೂರಿ ಹಾಕಿದ್ರು ಅಂತಾರೆ. ಈಗಾಗ್ಲೇ ಅಂತಿದಾರೆ.”

“ಅನ್ನಲಿ ಬಿಡು. ಚೂರಿ ಹಾಕೋಕೂ ಬುದ್ಧಿ ನೆಟ್ಟಗಿರಬೇಕು.”

ಅಷ್ಟು ಹೊತ್ತು ದ್ರಾಕ್ಷಿಯಲ್ಲೇ ಮುಳುಗಿದ್ದ ವೆಂಡೆಲ್ ತಲೆಯೆತ್ತಿದ. ತರಗತಿಯ ಹಳೆಯ ದನಿ, ಒಂದಿಷ್ಟೂ ತೊದಲಿಲ್ಲ. “ನಿಂತವನನ್ನ ಯಾಕಪ್ಪಾ ಇಲ್ಲಿ ನಿಂತೆ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ, ಲವಾನ್. ತಲೆ ಎಣಿಸಬೇಕು, ತಲೆಯೊಳಗೆ ಇಣುಕಬಾರದು. ಪರೀಕ್ಷೆಲೂ ಇದನ್ನೇ ತಪ್ಪು ಬರೆದಿದ್ದೆ ನೀನು.”

ಲವಾನಳ ಕಣ್ಣಲ್ಲಿ ನೀರು ಬಂತು. ಎದ್ದು, ಅವನ ಹೆಗಲು ಮುಟ್ಟಿ, “ಹೌದು ಮೇಷ್ಟ್ರೇ,” ಎಂದಳು. ಬಾಗಿಲಲ್ಲಿ ಆರ್ಡಿಸಳಿಗೆ ಮಾತ್ರ ಕೇಳುವಂತೆ, “ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫೋನ್ ಮಾಡ್ತೀನಿ. ಹೂಂ ಅಂದ್ರೆ ಸಾಕು, ಸಮಿತಿಗೆ ನಾನೇ ಹೇಳ್ತೀನಿ, ಸಹಿ ಆಮೇಲೆ. ಎತ್ತಲಿಲ್ಲ ಅಂದ್ರೆ ಇಲ್ಲಿಗೇ ಬಿಟ್ಟುಬಿಡ್ತೀನಿ. ಆದ್ರೆ ಯೋಚನೆ ಮಾಡು. ಅವರೇ ಮೊದಲಿನ ಹಾಗಿದ್ದಿದ್ರೆ ಏನು ಬರೀತಿದ್ರು ಅಂತ ಯೋಚನೆ ಮಾಡು,” ಎಂದು ಹೇಳಿ ಹೋದಳು.

ಮೊದಲಿನ ವೆಂಡೆಲ್ ತನ್ನ ಮೇಲೇ ಆಕ್ಷೇಪಣೆ ಬರೆಯುತ್ತಿದ್ದ. ಅಲ್ಪವಿರಾಮ ಸಹಿತ ಬರೆದು, ಎರಡು ಪ್ರತಿ ತೆಗೆಯುತ್ತಿದ್ದ. ಲೆಕ್ಕ ಸರಿಯಿರಬೇಕು ಎಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟವನು ಅವನು. ತಾನು ಕಾಯುತ್ತಿರುವುದು ಅವನ ಮಾನವನ್ನೋ ತನ್ನದನ್ನೋ ಎಂದು ಅವಳಿಗೇ ಅನುಮಾನ ಬಂತು. ಕಾಗದ ಎಳೆದುಕೊಂಡು ಲೇಖನಿ ತೆರೆದಳು. ‘ನನ್ನ ಗಂಡ’ ಎಂದು ಬರೆದಳು. ಮುಂದೆ ಹೋಗಲಿಲ್ಲ.

ಕೈಗೆ ಏನಾದರೂ ಕೆಲಸ ಬೇಕೆನಿಸಿ, ಮೆಟ್ಟಿಲಿನ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚಲು ವೆಂಡೆಲನ ಹಳೆಯ ಕಂದು ಜಾಕೆಟ್ ಹಾಕಿಕೊಂಡು ಹೊರಗೆ ಬಂದಳು. ಹೊತ್ತು ಹನ್ನೊಂದೂವರೆ ದಾಟಿತ್ತು. ಉಪ್ಪಿನ ಡಬ್ಬಿ ಅರ್ಧ ಖಾಲಿಯಾಗುವಷ್ಟರಲ್ಲಿ ಒಬ್ಬ ಹೆಂಗಸು ಗೇಟಿಗೆ ಅಡ್ಡವಾಗಿದ್ದ ಹಿಮದ ದಿಬ್ಬ ದಾಟಿ ಬಂದಳು. ಹೋದ ವರ್ಷ ಒಮಾಹಾದಿಂದ ಬಂದು ಗ್ರಂಥಾಲಯ ಸೇರಿದ ಗ್ಲೆಂಡಾ. ಅವಳ ಮೈಮೇಲಿದ್ದದ್ದು ನೀಲಿ ಕೋಟು, ತುಪ್ಪಳದ ಕಾಲರು. ಕ್ರಿಸ್‌ಮಸ್ ಕಳೆದ ಮೇಲೆ ರೈತರ ಅಂಗಡಿಯಲ್ಲಿ ಅರ್ಧ ಬೆಲೆಗೆ ಮಾರಿದ ಕೋಟು. ಆರ್ಡಿಸ್ ಹಿಂದಿನ ಸಂಜೆ ಹಾಕಿಕೊಂಡು ಹೋದದ್ದೂ ಅಂಥದೇ, ಈಗ ಒಳಗೆ ಗೂಟಕ್ಕೆ ನೇತಾಡುತ್ತಿತ್ತು.

“ನಾನು ಆ ಕಡೆಯವಳು,” ಎಂದು ಗ್ಲೆಂಡಾ ಮೊದಲೇ ಹೇಳಿಬಿಟ್ಟಳು. “ಬರಬಾರದು ಅಂದ್ಕೊಂಡೆ. ಆದರೆ ಎಲ್ಲರೂ ಮೇಷ್ಟ್ರ ಬಗ್ಗೆ ಏನೇನೋ ಮಾತಾಡ್ತಿದ್ದಾರೆ, ಕಾಫಿ ಅಂಗಡೀಲಿ ಕೂರೋಕಾಗಲಿಲ್ಲ. ನಿನ್ನೆ ಅವರು ನಿಂತಿದ್ದು ನನ್ನ ಪಕ್ಕದಲ್ಲೇ.”

“ಹೌದಾ.”

“ಅವರು ಗವರ್ನರ್‌ಗೋಸ್ಕರ ಬರಲಿಲ್ಲಮ್ಮ.” ಅವಳು ಕೈಗವಸು ತೆಗೆದು ಮತ್ತೆ ಹಾಕಿಕೊಂಡಳು. “ನೇರ ನನ್ನ ಹತ್ರ ಬಂದು, ನನ್ನ ಕೈ ಹಿಡ್ಕೊಂಡ್ರು. ‘ಎಲ್ಲಿ ಹೋಗಿಬಿಟ್ಟಿದ್ದೆ ಆರ್ಡಿಸ್, ಎಷ್ಟು ಹುಡುಕಿದೆ’ ಅಂದ್ರು. ನಾನು ಅಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಎಣಿಸೋವಾಗ ನನ್ನ ಹೆಸರು... ನಿಮ್ಮ ಹೆಸರು ಹಿಡಿದು ಇನ್ನೊಂದ್ಸಲ ಕೇಳಿದ್ರು, ‘ಇಬ್ಬರನ್ನೂ ಎಣಿಸಿದ್ರು ತಾನೆ?’ ಅಂತ.”

ಉಪ್ಪು ಮೆಟ್ಟಿಲಿನ ಮೇಲೆ ಚಿಟಚಿಟ ಎನ್ನುತ್ತಿತ್ತು. ಆರ್ಡಿಸ್ ಡಬ್ಬಿ ಕೆಳಗಿಟ್ಟಳು. ಅವನು ತನ್ನನ್ನೇ ಹುಡುಕಿಕೊಂಡು ಹೋಗಿದ್ದ. ತಾನು ಮೇಜಿನ ಹಿಂದೆ ನಿಂತು, ನಾಚಿಕೆಗೆ ಹೆದರಿ, ಅವನನ್ನು ಬೇರೆಯವಳ ಕೈಯಲ್ಲಿ ಬಿಟ್ಟಿದ್ದಳು.

“ಒಳಗೆ ಬನ್ನಿ,” ಎಂದಳು ಕಡೆಗೆ. “ಚಳಿ.”

ಇಬ್ಬರೂ ಅಡುಗೆಮನೆಗೆ ಬಂದರು. ವೆಂಡೆಲ್ ಎದ್ದು ನಿಂತ. ಅವನ ಕಣ್ಣು ಒಂದು ಕ್ಷಣ ಇಬ್ಬರ ನಡುವೆ ತೂಗಾಡಿತು, ಆಮೇಲೆ ಬೆಳಗಿತು. ಮುಂದೆ ಬಂದು ನೀಲಿ ಕೋಟಿನವಳ ತೋಳು ಹಿಡಿದ.

“ಬಂದ್ಯಾ ಆರ್ಡಿಸ್? ಹೇಳದೆ ಕೇಳದೆ ಹೋಗ್ತೀಯಲ್ಲ.” ಅವನು ಬಾಗಿಲ ಬಳಿ ನಿಂತ ಕಂದು ಜಾಕೆಟ್ಟಿನ ಹೆಂಗಸಿನ ಕಡೆ ತಿರುಗಿ ಮರ್ಯಾದೆಯಿಂದ ತಲೆಬಾಗಿದ. “ಪಾಪ, ಇವರು ಈ ಚಳೀಲಿ ಬಂದಿದಾರೆ. ಒಂದು ಕಪ್ ಕಾಫಿ ಕೊಡು. ಕೂತ್ಕೊಳ್ಳಿ ತಾಯಿ, ಸಂಕೋಚ ಮಾಡ್ಕೋಬೇಡಿ.”

ಗ್ಲೆಂಡಾಳ ಮುಖ ಬಿಳಿಚಿತು. ಏನೋ ಹೇಳಲು ಹೊರಟವಳನ್ನು ಆರ್ಡಿಸ್ ಬೇಡವೆಂದು ತಲೆಯಾಡಿಸಿ ತಡೆದಳು. ನಲವತ್ತೊಂದು ವರ್ಷ ತೊಳೆದು ಒರೆಸಿದ ಅಡುಗೆಮನೆಯಲ್ಲಿ, ಅವಳು ಇದುವರೆಗೆ ಕೂರದಿದ್ದ ಕುರ್ಚಿಯಲ್ಲಿ, ನೆಂಟರು ಕೂರುವ ಕುರ್ಚಿಯಲ್ಲಿ ಕೂತಳು. ಗ್ಲೆಂಡಾ ಕಪಾಟುಗಳ ಮುಂದೆ ತಡಕಾಡುತ್ತಿದ್ದಳು. ಎಡಗಡೆಯದು, ಎಂದು ಆರ್ಡಿಸ್ ಕಣ್ಣಿನಲ್ಲೇ ತೋರಿಸಿದಳು.

“ಕಾಕಸ್‌ಗೆ ಹೋಗಿದ್ರಾ ತಾಯಿ ನಿನ್ನೆ?” ವೆಂಡೆಲ್ ಎದುರಿಗೆ ಕೂತು ಕೇಳಿದ.

“ಹೋಗಿದ್ದೆ.”

“ಒಳ್ಳೇದು. ಯಜಮಾನರೂ ಬಂದಿದ್ರಾ?”

“ಬಂದಿದ್ರು. ಅವರು ಒಂದು ಕಡೆ ನಿಂತ್ರು, ನಾನು ಒಂದು ಕಡೆ.”

“ಅಯ್ಯೋ,” ಎಂದ ವೆಂಡೆಲ್. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. “ನಾವು ಯಾವತ್ತೂ ಹಾಗೆ ಮಾಡಿಲ್ಲ. ಅಲ್ವಾ ಆರ್ಡಿಸ್?”

ಗ್ಲೆಂಡಾ ಕಾಫಿಯ ಕಪ್ಪನ್ನು ಆರ್ಡಿಸಳ ಮುಂದಿಟ್ಟು, “ಇಲ್ಲ,” ಎಂದಳು.

ಆಗ ಗೋಡೆಯ ಫೋನು ಹೊಡೆದುಕೊಂಡಿತು. ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ. ಮೇಜಿನ ಮೇಲೆ ‘ನನ್ನ ಗಂಡ’ ಎಂಬ ಎರಡು ಪದದ ಕಾಗದ ಹಾಗೇ ಬಿದ್ದಿತ್ತು.

“ಆರ್ಡಿಸ್, ಫೋನು,” ಎಂದ ವೆಂಡೆಲ್, ಗ್ಲೆಂಡಾಳತ್ತ ನೋಡಿ.

ಗ್ಲೆಂಡಾ ಆರ್ಡಿಸಳತ್ತ ನೋಡಿದಳು. ಆರ್ಡಿಸ್ ಎರಡೂ ಕೈಯಿಂದ ಬಿಸಿ ಕಪ್ಪನ್ನು ಹಿಡಿದುಕೊಂಡು, ಬೇರೆಯವರ ಮನೆಗೆ ಬಂದವರು ಕೂರುವಂತೆ, ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಫೋನು ಒಂಬತ್ತು ಸಲ ಹೊಡೆದುಕೊಂಡು ನಿಂತಿತು. ವೆಂಡೆಲ್ ಸಕ್ಕರೆ ಡಬ್ಬಿಯನ್ನು ಅವಳತ್ತ ಸರಿಸಿ, “ಎಷ್ಟು ಹಾಕಲಿ?” ಎಂದು ಕೇಳಿದ.