ಚನ್ನವೀರನ ತೋರಿಕೆಯ ಭಟ್ಟಿ

ಸಿದ್ದಾರೂಢ ಪುಣೆಯ ಹಡಪಸರದ ಒಂದು ಪಂಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಫಿಟರ್ ಆಗಿದ್ದ. 2003ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಒಂದು ಸಂಜೆ ಅವನ ಹೆಂಡತಿ ಇಂದೂಳ ತಮ್ಮ ಚನ್ನವೀರ ಮನೆಗೆ ಬಂದ. ಚನ್ನವೀರನದು ಸಾಸವಡ ರಸ್ತೆಯಲ್ಲಿ ಮರಗೆಲಸದ ಶೆಡ್ಡು. ಮಗರಪಟ್ಟಾದ ಆಸುಪಾಸು ಏಳುತ್ತಿದ್ದ ಫ್ಲ್ಯಾಟುಗಳ ಅಡುಗೆಮನೆಗೆ ಅವನು ಕಪಾಟಿನ ಬಾಗಿಲು ಮಾಡಿಕೊಡುತ್ತಿದ್ದ.

"ಮಾಮಾ, ರಬ್ಬರ್ ಮರ ಕೇರಳದಿಂದ ಹಸೀನ ಬರ್ತದ. ಬಿಸಿಲಿಗೆ ಹಾಕಿದ್ರ ಸೊಟ್ಟ ಆಗ್ತದ, ನೆರಳಿಗಿಟ್ರ ಬೂಸು ಹಿಡೀತದ. ಗಾಳಿ ಎಳದು ಒಣಗಿಸೋ ಭಟ್ಟಿ ಒಂದು ಮಾಡಿಕೊಡ್ರಿ. ಪಂಪಿನ ಕೆಲಸ ನಿಮಗಿಂತ ಯಾರಿಗೆ ಗೊತ್ತದ?"

ಸಿದ್ದಾರೂಢನಿಗೆ ಆ ತತ್ವ ಗೊತ್ತಿತ್ತು. ಗಾಳಿ ತೆಗೆದ ಪಾತ್ರೆಯಲ್ಲಿ ನೀರು ಸ್ನಾನದ ನೀರಿನಷ್ಟು ಬಿಸಿಯಲ್ಲೇ ಕುದಿಯುತ್ತದೆ. ಮರ ಸೀಳದೆ ತನ್ನೊಳಗಿನ ನೀರು ಬಿಡುತ್ತದೆ. ಮೊದಲು ಎಣ್ಣೆಯ ಡ್ರಮ್ಮೊಂದರಲ್ಲಿ ಪ್ರಯತ್ನಿಸಿದ. ಪಂಪು ಹಚ್ಚಿ ಎರಡು ನಿಮಿಷವಾಗಿರಲಿಲ್ಲ, ಡ್ರಮ್ಮು ಧಡ್ ಎಂದು ಚಪ್ಪಟೆಯಾಯಿತು. ಆಮೇಲೆ ಗುಜರಿಯಲ್ಲಿ ಹಳೆಯ ಬಾಯ್ಲರಿನ ದಪ್ಪ ಸಿಲಿಂಡರು ಸಿಕ್ಕಿತು. ಅದಕ್ಕೆ ಬಾಗಿಲು ಕೂಡಿಸಿ, ಅಂಚಿಗೆ ರಬ್ಬರು ಹಾಕಿ, ಹನ್ನೆರಡು ಬೋಲ್ಟು ಬಿಗಿದ. ಒಳಗೆ ಬಿಸಿನೀರಿನ ಕೊಳವೆ ಎಳೆದ. ಗಾಳಿ ಎಲ್ಲಿ ಸೋರುತ್ತದೆಂದು ಸೋಪಿನ ನೊರೆ ಹಚ್ಚಿ ಹುಡುಕಿದ. ಕಾರ್ಖಾನೆಯ ಹರಾಜಿನಲ್ಲಿ ತಾನೇ ಕೊಂಡಿದ್ದ ಗಾಳಿ ಎಳೆಯುವ ಪಂಪನ್ನು ರಿಪೇರಿ ಮಾಡಿ ಜೋಡಿಸಿದ. ಇಷ್ಟಕ್ಕೆ ಮೂರು ತಿಂಗಳು ಹಿಡಿಯಿತು.

ಮೊದಲ ಸಲ ಮರ ತುಂಬಿದಾಗ ಪಂಪಿನ ಬಾಯಿಂದ ಕಂದು ಬಣ್ಣದ ಹುಳಿ ನೀರು ಹನಿಯತೊಡಗಿತು. ಆಳುಗಳು ಮೂಗು ಮುಚ್ಚಿಕೊಂಡರು. ಅವನು ಮಾತ್ರ ಆ ನೀರಿಗಿಟ್ಟ ಬಕೆಟ್ಟಿನ ಪಕ್ಕದಲ್ಲೇ ಕೂತು ಚಹಾ ಕುಡಿದ. ಏಳನೆಯ ದಿನ ಹೊರತೆಗೆದ ಹಲಗೆ ನೆಟ್ಟಗಿತ್ತು, ಬೆರಳಿನಿಂದ ಬಡಿದರೆ ಟಣ್ಣೆನ್ನುತ್ತಿತ್ತು. ಚನ್ನವೀರ ಅವನ ಕಾಲಿಗೆ ಬಿದ್ದ.

ಆ ಮಳೆಗಾಲದಲ್ಲಿ ಸಿದ್ದಾರೂಢ ಟೈಫಾಯ್ಡ್ ಆಗಿ ಒಂದೂವರೆ ತಿಂಗಳು ಮಲಗಿದ. ಎದ್ದು ಶೆಡ್ಡಿಗೆ ಹೋದಾಗ ಸಿಲಿಂಡರಿಗೆ ನೀಲಿ ಬಣ್ಣ ಬಳಿದಾಗಿತ್ತು, ಮೇಲೆ ದೊಡ್ಡ ಬೋರ್ಡು ತೂಗುತ್ತಿತ್ತು. ಮೂಲೆಯಲ್ಲಿ ತಯಾರಾದ ಬಾಗಿಲುಗಳ ಒಟ್ಟಲು. ಒಂದೊಂದರ ಹಿಂದೆಯೂ 'ಭಟ್ಟಿಯಲ್ಲಿ ಒಣಗಿಸಿದ್ದು' ಎಂದು ಮರಾಠಿಯಲ್ಲಿ ಒತ್ತಿದ ಶಿಕ್ಕಾ. ಅವನು ಒಂದರ ಮೇಲೆ ಅಂಗೈ ಇಟ್ಟ. ಒದ್ದೆ ಗೋಣಿಯಷ್ಟು ತಣ್ಣಗಿತ್ತು.

"ಹುಲಿಗೆಪ್ಪಾ, ಇದು ಭಟ್ಟಿ ಕಂಡದೇನೋ?"

ಪಾಲಿಶ್ ಹಚ್ಚುತ್ತಿದ್ದ ಹುಲಿಗೆಪ್ಪ ತಲೆ ಎತ್ತಲಿಲ್ಲ. "ಭಟ್ಟಿ ಬಂದ್ ಆಗಿ ತಿಂಗಳಾತ್ರಿ. ಕರೆಂಟ್ ಭಾಳ ತಿಂತದಂತ. ಒಳಗ ಹಸಿ ಹಲಗಿ ತುಂಬಿ ಬೋಲ್ಟ್ ಬಿಗದಾರ. ಗಿರಾಕಿ ಬಂದ್ರ ಹೊರಗಿಂದ ತೋರಸ್ತಾರ್ರಿ."

ಅಷ್ಟರಲ್ಲಿ ಚನ್ನವೀರ ಒಬ್ಬ ಬಿಲ್ಡರನ ಖರೀದಿ ಮ್ಯಾನೇಜರನನ್ನು ಕರೆತಂದ. ಸಿಲಿಂಡರನ್ನು ಎಮ್ಮೆಯ ಬೆನ್ನು ಚಪ್ಪರಿಸಿದಂತೆ ಚಪ್ಪರಿಸುತ್ತ, ಪ್ರತಿ ಹಲಗೆಯೂ ಆರು ದಿನ ಇದರೊಳಗಿರುತ್ತದೆ ಎಂದು ಮರಾಠಿಯಲ್ಲಿ ಹೇಳತೊಡಗಿದ. ಸಿದ್ದಾರೂಢ ಪಾನಾ ತಗೊಂಡು ಮೊದಲ ಬೋಲ್ಟಿಗೆ ಹಾಕಿದ.

"ಮಾಮಾ, ಈಗ ಬ್ಯಾಡ್ರಿ!"

ಅವನು ನಿಲ್ಲಿಸಲಿಲ್ಲ. ಹನ್ನೆರಡನೆಯ ಬೋಲ್ಟು ಬಿಚ್ಚಿ ಬಾಗಿಲು ಎಳೆದ. ಸತ್ತ ಇಲಿ, ಕೊಳೆತ ಗಂಜಿ, ಹುಳಿತ ಹಾಲು ಒಟ್ಟಿಗೆ ಸೇರಿದಂಥ ನಾತ ಮುಖಕ್ಕೆ ಹೊಡೆಯಿತು. ಹಲಗೆಗಳ ಮೇಲೆ ಕರಿ ಬೂಸು ತುಪ್ಪಳದ ಹಾಗೆ ಬೆಳೆದಿತ್ತು. ತಳದಲ್ಲಿ ಲೋಳೆಲೋಳೆ ನೀರು, ಅದರಲ್ಲಿ ಬಿಳಿ ಹುಳುಗಳು. ತಾನು ಒಂದೊಂದಾಗಿ ಬೆಸುಗೆ ಹಾಕಿದ ಕೊಳವೆಗಳಿಂದ ಅಂಟು ಜೋತಾಡುತ್ತಿತ್ತು. ಸಿದ್ದಾರೂಢ ಹೊರಗೆ ಓಡಿ ಕಾರಿಕೊಂಡ.

ಬಾಯಿ ಒರೆಸಿಕೊಂಡು ಮರಳಿದಾಗ ಮ್ಯಾನೇಜರ್ ಹೋಗಿರುತ್ತಾನೆ ಅಂದುಕೊಂಡಿದ್ದ. ಆತ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಗುತ್ತ ನಿಂತಿದ್ದ. ನಾತ ಇದ್ದರೆ ಇರಲಿ, ಪಾಲಿಶ್ ಹಚ್ಚಿದ ಮೇಲೆ ಯಾರ ಮೂಗಿಗೂ ಬರುವುದಿಲ್ಲ, ಶಿಕ್ಕಾ ಮಾತ್ರ ಸ್ಪಷ್ಟವಾಗಿ ಬೀಳಬೇಕು, ನಾಲ್ಕುನೂರು ಬಾಗಿಲು ದೀಪಾವಳಿಯೊಳಗೆ ಬೇಕು ಎಂದ. ಚನ್ನವೀರ ಕೈಮುಗಿದ. ಇಬ್ಬರೂ ಒಂದೇ ತಟ್ಟೆಯಿಂದ ವಡಾಪಾವ್ ತಿಂದರು, ಸಿಲಿಂಡರಿನ ಆ ತೆರೆದ ಬಾಯಿಯಿಂದ ಹತ್ತು ಹೆಜ್ಜೆ ದೂರದಲ್ಲೇ. ಹುಳು ಕಂಡಾಗಲೂ ಸಿದ್ದಾರೂಢನಿಗೆ ಇಷ್ಟು ಹೇಸಿಗೆ ಅನಿಸಿರಲಿಲ್ಲ.

ಅವನು ಪಂಪು ಬಿಚ್ಚಿ ಟೆಂಪೋಗೆ ಏರಿಸಿದ. ಚನ್ನವೀರ ತಡೆಯಲಿಲ್ಲ. "ಒಯ್ರಿ ಮಾಮಾ, ಅದಿಲ್ಲಂದ್ರೂ ನಡೀತದ" ಅಂದ.

ಮನೆಯಲ್ಲಿ ಇಂದೂ ರೊಟ್ಟಿ ಬಡಿಯುತ್ತಿದ್ದಳು. ತಮ್ಮನೆಂದರೆ ಅವಳಿಗೆ ಜೀವ. ಬೈಸಿಕೊಳ್ಳಲು ತಯಾರಾಗಿಯೇ ಅವನು ಎಲ್ಲ ಹೇಳಿದ. ಅವಳು ಕೈ ನಿಲ್ಲಿಸಿ ಕೇಳಿದಳು:

"ಮಂದಿ ಹಿಟ್ಟು-ಬ್ಯಾಳಿ ಇಡೋ ಕಪಾಟಿಗೆ ಆ ಬೂಸಿನ ಕಟಗೀನ?"

"ಹೂಂ."

"ಥೂ, ಹೊಲಸು!" ಎಂದಳು. ಹಿಟ್ಟಿನ ಕೈಯಲ್ಲೇ ತಮ್ಮನಿಗೆ ಫೋನು ಮಾಡಿ, ಈ ಸಲ ದೀಪಾವಳಿಗೆ ಮನೆಗೆ ಬರಬೇಡ ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ಗಂಡನಿಗೆ ಸ್ನಾನಕ್ಕೆ ನೀರು ಕಾಸಿದಳು.

ನಾಲ್ಕುನೂರು ಬಾಗಿಲೂ ಫ್ಲ್ಯಾಟುಗಳಿಗೆ ಹೋದವು. ಸಿದ್ದಾರೂಢ ಇನ್ನೊಂದು ವರ್ಕ್‌ಶಾಪಿಗೆ ಸೇರಿದ. ಅಲ್ಲಿಗೆ ಹೋಗುವ ಬಸ್ಸು ಆ ಶೆಡ್ಡಿನ ಮುಂದೆಯೇ ಹಾಯುತ್ತದೆ. ಶೆಡ್ಡು ಹತ್ತಿರವಾಗುತ್ತಲೇ ಅವನು ಕಿಟಕಿಯ ಗಾಜು ಎಳೆದುಕೊಳ್ಳುತ್ತಾನೆ. ಸೆಕೆಯೆಂದು ಪಕ್ಕದವರು ಗೊಣಗಿದರೂ ತೆಗೆಯುವುದಿಲ್ಲ.