ಅಪ್ಪನನ್ನು ಕೇಳು

ನಡುರಾತ್ರಿ ಮೇಜಿನ ಮೇಲಿದ್ದ ಫೋನು ಮೆಲ್ಲಗೆ ಗುಂಯ್‌ಗುಟ್ಟಿತು. ಜಕಾರ್ತಾದ ಗುಪ್ತಚರ ಕಚೇರಿಯಲ್ಲಿ ಸುಲಾಸ್ತ್ರಿ ಒಬ್ಬಳೇ ಎಚ್ಚರವಿದ್ದಳು. ಉಗ್ರರ ಆನ್‌ಲೈನ್ ಗುಂಪಿನೊಳಗೆ ಅವಳು ಸುಳ್ಳು ಹೆಸರಿನಲ್ಲಿ ಸೇರಿಕೊಂಡಿದ್ದಳು. ಸಂದೇಶ ಬಂದದ್ದು ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕಿದ್ದ, ಅದೇ ಗುಂಪಿನ ಹುಡುಗಿ ತುಮಿನಾಳಿಂದ.

"ಅಕ್ಕಾ, ನಾಳೆ ಫೋನಲ್ಲೇ ನಮ್ಮ ಗುಂಪಿನವರೊಬ್ಬರ ಜೊತೆ ನಿಕಾಹ್. ಆಮೇಲೆ ಜಕಾರ್ತಾಕ್ಕೆ ಅವರ ಹತ್ರ ಬಂದ್ಬಿಡ್ತೀನಿ. ಚೀಲ ಹೊತ್ಕೊಂಡು ಹೋಗೋ ಪುಣ್ಯ ನಂಗೇ ಅಂತೆ!"

ಆ ಚೀಲದಲ್ಲಿ ಬಾಂಬು ಇರುತ್ತದೆಂದು ಸುಲಾಸ್ತ್ರಿಗೆ ಗೊತ್ತಿತ್ತು. ಮೇಲಧಿಕಾರಿ ಹೆಂದ್ರೋ ಸಂಜೆಯೇ ಹೇಳಿದ್ದರು: "ನೀನು ಬಾಯಿ ಬಿಡ್ಬೇಡ ಕಣಮ್ಮ. ಹುಡುಗಿ ಬರ್ಲಿ, ಅವಳ ಹಿಂದೇನೇ ಹೋಗಿ ಆ ಮದುಮಗನನ್ನ ಹಿಡಿಯೋಣ." ಹಾಗಾದರೆ ಹುಡುಗಿ ಜೈಲು ಸೇರುತ್ತಾಳೆ, ಪೊಲೀಸರು ತಡಮಾಡಿದರೆ ಸಾಯುತ್ತಾಳೆ.

ಸುಲಾಸ್ತ್ರಿ ಬರೆದೇಬಿಟ್ಟಳು. "ನಿಮ್ಮಪ್ಪ ಒಪ್ಪಿದ್ರೇನೇ?"

"ಅಪ್ಪನ ಬದಲು ಗುಂಪಿನ ಗುರುಗಳೇ ವಲಿಯಾಗಿ ನಿಂತು ನನ್ನ ಧಾರೆ ಕೊಡ್ತಾರಂತೆ."

"ಹೆತ್ತಪ್ಪ ಬದುಕಿರುವಾಗ ನಿನ್ನ ಕೊಡೋಕೆ ಇವರ್ಯಾರೇ? ಅಂಥ ನಿಕಾಹ್ ನಿಲ್ಲಲ್ಲ. ಧರ್ಮ ಧರ್ಮ ಅಂತೀಯ, ಮೊದಲು ಅಪ್ಪನನ್ನ ಕೇಳು."

ಬೆಳಗಿನ ಆಜಾನ್ ಮುಗಿದ ಮೇಲೆ ಉತ್ತರ ಬಂತು. "ಅಪ್ಪ ಅತ್ಬಿಟ್ರು ಅಕ್ಕಾ. 'ಹೂಂ ಅನ್ನಲ್ಲ, ಮನೆಗೆ ಬಾ ಮಗಳೇ' ಅಂದ್ರು. ನಂಗೆ ಈ ಮದುವೆ ಬೇಡ." ಅಷ್ಟು ಬರೆದು ಅವಳು ಗುಂಪನ್ನೇ ಬಿಟ್ಟಳು. ಸುಲಾಸ್ತ್ರಿ ಆ ಮಾತುಕತೆಯನ್ನೆಲ್ಲ ಅಳಿಸಿದಳು.

ಕಚೇರಿಗೆ ಬಂದ ಹೆಂದ್ರೋ ಗುಡುಗಿದರು, "ಕೈಗೆ ಬಂದಿದ್ದು ಜಾರ್ತಲ್ಲಮ್ಮ! ಯಾರು ಹೆದರಿಸಿದ್ರು ಅವಳನ್ನ?"

"ಗೊತ್ತಿಲ್ಲ ಸಾರ್."

ಆ ಮದುಮಗನನ್ನು ಬೇರೆ ದಾರಿಯಿಂದ ತಾನೇ ಹುಡುಕುವುದು, ಈ ರಾತ್ರಿಯ ಮಾತನ್ನು ಮಾತ್ರ ಯಾರಿಗೂ ಹೇಳದಿರುವುದು ಎಂದು ಮನಸ್ಸು ಗಟ್ಟಿಮಾಡಿಕೊಂಡು ಅವಳು ಗುಂಪನ್ನು ಮತ್ತೆ ತೆರೆದಳು.